ಒದ್ದೆ ಕೈಗೆ ನಕ್ಷೆಯಿಲ್ಲ

1984ರ ಫೆಬ್ರುವರಿಯಲ್ಲಿ ರಾಬರ್ಟ್‌ಸನ್‌ಪೇಟೆಯ ಒಂದು ವಾಚನಾಲಯ ತನ್ನ ಹಿಂದಿನ ಕೋಣೆಯನ್ನು ಸಾರ್ವಜನಿಕರಿಗೆ ತೆರೆಯಿತು. ಕೋಣೆಯಲ್ಲಿದ್ದದ್ದು ಗಣಿ ಊರಿನ ಹಳೆಯ ಕಾಗದಪತ್ರ. ನಾಲ್ಕು ಭಾಷೆಯ ಪತ್ರಿಕೆಗಳ ಕಟ್ಟುಗಳು, ಫೋಟೊಗಳು, ನಾಟಕದ ಹ್ಯಾಂಡ್‌ಬಿಲ್‌ಗಳು, ಚಿನ್ನ ಸಿಗಬಹುದೇನೋ ಎಂದು ಸುತ್ತಲಿನ ಹಳ್ಳಿಗಳ ನೆಲವನ್ನೆಲ್ಲ ಕೆದಕಿ ನೋಡಿದ ಕಾಲದ ನಕ್ಷೆಗಳು. ನಿವೃತ್ತರಾದವರು ಮನೆ ಖಾಲಿ ಮಾಡುವಾಗ ಕೊಟ್ಟದ್ದು ಕೆಲವು, ತೀರಿಕೊಂಡವರ ಮಕ್ಕಳು ತಂದು ಇಳಿಸಿದ್ದು ಕೆಲವು.

ಆಗ ನಾನು ಜಿಲ್ಲಾ ಪತ್ರಿಕೆಯೊಂದರ ವರದಿಗಾರ. ಮನೆ ಬಂಗಾರಪೇಟೆಯಲ್ಲಿ. ವಾರಕ್ಕೊಮ್ಮೆ ಹಳೆಯ ಸುದ್ದಿಗಳ ಅಂಕಣ ಬರೆಯಬೇಕಿತ್ತು. ಅದಕ್ಕಾಗಿ ಮಾರಿಕುಪ್ಪಂ ರೈಲು ಹತ್ತಿ ಬಂದು ಆ ಕೋಣೆಯಲ್ಲಿ ಕೂರುತ್ತಿದ್ದೆ. ಕೂರುವುದಕ್ಕೆ ಮೊದಲು ಬಾಗಿಲ ಪಕ್ಕದ ಹಲಗೆಯನ್ನು ಓದಬೇಕಿತ್ತು. ಓದು ಬಾರದವರಿಗೆ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಮೇಡಂ ಅವರವರ ಭಾಷೆಯಲ್ಲಿ ಓದಿ ಹೇಳುತ್ತಿದ್ದರು.

ಮೇಡಂ ಗಣಿಯ ನಕ್ಷೆ ಕಚೇರಿಯಲ್ಲಿ ಟ್ರೇಸರ್ ಆಗಿದ್ದು ನಿವೃತ್ತರಾದವರು. ಮೂಲ ನಕ್ಷೆಯ ಮೇಲೆ ತೆಳುವಾದ ಟ್ರೇಸಿಂಗ್ ಬಟ್ಟೆ ಹಾಸಿ, ಶಾಯಿಯಲ್ಲಿ ಗೆರೆ ಎಳೆದು ಪ್ರತಿ ತೆಗೆಯುವುದು ಅವರು ಆಯುಷ್ಯವೆಲ್ಲ ಮಾಡಿದ ಕೆಲಸ. ಮನೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ, ಮುಂದಿನ ಬೀದಿಯ ತರಕಾರಿಯವಳೊಡನೆ ತೆಲುಗು. ದನಿ ಎತ್ತಿ ಮಾತಾಡಿದ್ದನ್ನು ನಾನು ಎಂದೂ ಕೇಳಿಲ್ಲ.

ಹಲಗೆಯಲ್ಲಿದ್ದ ನಿಯಮಗಳನ್ನು ಅವರೇ ಬರೆದಿದ್ದರು. ಚಪ್ಪಲಿ ಹೊರಗೆ. ಪೆನ್ನು ಬಾಗಿಲ ಬಳಿಯ ಹಿತ್ತಾಳೆ ಚೊಂಬಿನಲ್ಲಿ. ಒಳಗೆ ಅವರು ಕೊಡುವ ಪೆನ್ಸಿಲ್ ಮಾತ್ರ. ಹೆಂಗಸರು ಮುಡಿದ ಹೂವನ್ನು ತೆಗೆದು ಬಾಳೆಲೆಯ ತುಂಡಿನ ಮೇಲಿಡಬೇಕು, ಬಗ್ಗಿದಾಗ ಹನಿ ಬೀಳುತ್ತದೆ. ಜಗಲಿಯ ನಲ್ಲಿಯಲ್ಲಿ ಕೈ ತೊಳೆದು, ಅಲ್ಲಿ ತೂಗುಹಾಕಿದ ಟವೆಲಿನಲ್ಲಿ ಒರೆಸಿ, ಅಂಗೈ ತೋರಿಸಬೇಕು. ಒದ್ದೆ ಕೈಗೆ ನಕ್ಷೆಯಿಲ್ಲ ಎಂಬ ಸಾಲನ್ನು ಕೆಂಪು ಬಣ್ಣದಲ್ಲಿ ಬರೆದಿದ್ದರು. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿ ಬೂದಿ ಬಣ್ಣದ ಧೂಳು ಊರ ಮೇಲೆ ಬರುವ ದಿನ ಕಿಟಕಿ ತೆರೆಯುವಂತಿಲ್ಲ, ದೊಡ್ಡ ನಕ್ಷೆ ಬಿಚ್ಚುವಂತಿಲ್ಲ. ಒಂದು ಸಲಕ್ಕೆ ಒಂದೇ ವಸ್ತು. ಏನು ಬೇಕು ಎಂದು ಮೊದಲು ಹೇಳಬೇಕು, ಯಾಕೆ ಬೇಕು ಎಂದು ಹೇಳಬೇಕಾಗಿಲ್ಲ. ಬೇಕಾದವರು ತಾವೇ ಕೂತು ನೋಡಬೇಕು, ಇನ್ನೊಬ್ಬರ ಪರವಾಗಿ ನೋಡಿಕೊಂಡು ಹೋಗುವಂತಿಲ್ಲ. ಯಾವುದೂ ಹೊರಗೆ ಹೋಗುವುದಿಲ್ಲ.

ಮುಂದಿನ ಹಜಾರದಲ್ಲಿ ದಿನವೂ ತಮಿಳು ಪತ್ರಿಕೆ ಓದುತ್ತ ಕೂರುತ್ತಿದ್ದ ಒಬ್ಬ ಹಳೆಯ ಗಣಿ ಕೆಲಸಗಾರರಿದ್ದರು. ಎಲ್ಲರಿಗೂ ತಾತ. ನಾನು ಮೊದಲ ದಿನ ಅಂಗೈ ತೋರಿಸುತ್ತ ನಿಂತದ್ದನ್ನು ನೋಡಿ ಅವರು ಕನ್ನಡಕ ಇಳಿಸಿದರು.

"ಶಿಫ್ಟ್ ಮುಗಿಸಿ ಮೇಲೆ ಬಂದಾಗ್ಲೂ ನನ್ನನ್ನ ಇಷ್ಟು ಚೆಕ್ ಮಾಡಿಲ್ಲ ಸಾರ್. ಅಲ್ಲಿ ಚಿನ್ನ ಇತ್ತು. ಇಲ್ಲೇನಿದೆ, ಹಳೇ ಕಾಗದ."

"ಅಲ್ಲಿ ಹೊರಗೆ ಹೋಗುವಾಗ ಚೆಕ್ ಮಾಡ್ತಾರೆ ತಾತ," ಎಂದರು ಮೇಡಂ. "ನಾನು ಒಳಗೆ ಬರುವಾಗ ಮಾಡ್ತೀನಿ."

ನಿಯಮ ಯಾರಿಗೂ ಸಡಿಲವಾಗಲಿಲ್ಲ. ಆ ವರ್ಷವೇ ಊರಿನ ಪ್ರಮುಖರೊಬ್ಬರು ಒಂದು ಸಮಾರಂಭದಲ್ಲಿ ತೋರಿಸಲು ಹಳೆಯ ಫುಟ್‌ಬಾಲ್ ತಂಡದ ಫೋಟೊ ಬೇಕೆಂದು ಕಾರು ಕಳಿಸಿದರು. ಮೇಡಂ ಡ್ರೈವರಿಗೆ ಕಾಫಿ ತರಿಸಿಕೊಟ್ಟು, ಫೋಟೊ ಬರುವುದಿಲ್ಲ, ಸಮಾರಂಭ ಬರಬಹುದು ಎಂದು ಹೇಳಿ ಕಳಿಸಿದರು. ಸಮಾರಂಭ ಬಂತು. ಅತಿಥಿಗಳು ಜಗಲಿಯಲ್ಲಿ ಸಾಲಾಗಿ ಕೈ ತೊಳೆದರು. ಆ ತಂಡದಲ್ಲಿ ಗೋಲ್ ಕಾದಿದ್ದವರೊಬ್ಬರು ಫೋಟೊದ ಮುಂದೆ ಬಹಳ ಹೊತ್ತು ಕೂತಿದ್ದರು. ನಾನು ಅದನ್ನು ವರದಿ ಮಾಡಿದೆ.

ಇಲ್ಲಿ ಬರೆಯಬೇಕೆಂದಿರುವುದು 1986ರ ಬೇಸಿಗೆಯ ಸಂಗತಿ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಕ್ಯಾಸಂಬಳ್ಳಿ ಕಡೆಯ ಹಳ್ಳಿಯೊಂದರಿಂದ ಒಬ್ಬ ಹೆಂಗಸು ಬಂದಳು. ವಯಸ್ಸು ಮೂವತ್ತರ ಆಚೆ. ಕೈಯಲ್ಲಿ ಖಾಲಿ ಹಾಲಿನ ಕ್ಯಾನು, ಮುಡಿಯಲ್ಲಿ ಕನಕಾಂಬರ. ಹೂ ತೆಗೆದಿಡಲು ಹೇಳಿದಾಗ ತೆಗೆದಿಟ್ಟಳು. ಕೈ ತೊಳೆದು ಸೀರೆಯ ಸೆರಗಿಗೆ ಒರೆಸಿಕೊಂಡಳು. ಮೇಡಂ ಅವಳನ್ನು ವಾಪಸ್ ಕಳಿಸಿ ಟವೆಲಿಗೆ ಒರೆಸಿಸಿದರು.

ಯಾಕೆ ಎಂದು ಯಾರೂ ಕೇಳಲಿಲ್ಲ, ಅವಳೇ ಹೇಳಿದಳು. ಹಸುಗಳಿಗೆ ಹುಲ್ಲು ಬೆಳೆಸಲು ಹೊಲದಲ್ಲಿ ಹೊಸ ಬಾವಿ ತೋಡಬೇಕು. ಕೈ ಮೇಲೆ ತೆಂಗಿನಕಾಯಿ ಇಟ್ಟು ನೀರು ನೋಡುವವರು ಬಂದು ಒಂದು ಜಾಗ ತೋರಿಸಿದ್ದಾರೆ. ಗಂಡ ಅಲ್ಲೊಂದು ಗೂಟ ಹೊಡೆದಿದ್ದಾನೆ, ತಮ್ಮನನ್ನು ಕಟ್ಟಿಕೊಂಡು ತಾನೇ ಅಗೆಯಲು ಇಳಿಯುತ್ತಾನೆ. ಆದರೆ ಅವಳ ಮಾವ, ಈಗ ಕಣ್ಣು ಕಾಣದ ಮುದುಕ, ಆ ಹೊಲದಲ್ಲಿ ತನ್ನ ಎಳೆವಯಸ್ಸಿನಲ್ಲಿ ಚಿನ್ನ ಹುಡುಕುವವರು ತೋಡಿದ ಆಳವಾದ ಗುಂಡಿ ಇತ್ತು ಎನ್ನುತ್ತಾನೆ. ಮೇಲೆ ಹಲಗೆ ಹಾಸಿ ಮಣ್ಣು ಮುಚ್ಚಿ ಹೋದರಂತೆ. ಎಲ್ಲಿ ಎಂದು ಕೇಳಿದರೆ ಒಂದು ದಿನ ಪೂರ್ವಕ್ಕೆ ಕೈ ತೋರಿಸುತ್ತಾನೆ, ಇನ್ನೊಂದು ದಿನ ಪಶ್ಚಿಮಕ್ಕೆ. ಗಂಡ ನಗುತ್ತಾನೆ. ಕೊಳೆತ ಹಲಗೆಯ ಮೇಲೆಯೇ ಅವನು ಗುದ್ದಲಿ ಎತ್ತಿದರೆ ಏನಾಗುತ್ತದೆ ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಬರುವ ಸೋಮವಾರ ಪೂಜೆ ಮಾಡಿ ಅಗೆಯಲು ಶುರು ಮಾಡುತ್ತಾರೆ ಎಂದಷ್ಟೇ ಹೇಳಿದಳು.

ಮೇಡಂ ಬೀರುವಿನಿಂದ ಆ ಹಳ್ಳಿಯ ನಕ್ಷೆ ತೆಗೆದು ಹಾಸಿದರು. ಬೆರಳಿಡುವಂತಿಲ್ಲವಾದ್ದರಿಂದ ತೋರಿಸಲು ಒಂದು ಪೊರಕೆ ಕಡ್ಡಿ ಕೊಟ್ಟರು. ನಕ್ಷೆಯಲ್ಲಿ ಚಿಕ್ಕ ಚೌಕದ ಗುರುತಿನ ಗುಂಡಿ ಇತ್ತು. ಅದರಿಂದ ಎರಡು ಗೆರೆಗಳು ಹೊರಟಿದ್ದವು. ಒಂದು ಗಡಿಕಲ್ಲಿಗೆ, ಇನ್ನೊಂದು ಮೇಲೆ ಗುರುತು ಕೆತ್ತಿದ ಒಂದು ಬಂಡೆಗೆ. ಅವಳು ಕಡ್ಡಿಯನ್ನು ಬಂಡೆಯ ಮೇಲೆ ನಿಲ್ಲಿಸಿದಳು. ಅದು ಅವರ ಮುನೇಶ್ವರನ ಬಂಡೆ. ಆ ಕೆತ್ತಿದ ಗುರುತಿಗೇ ಅವರು ಕುಂಕುಮ ಹಚ್ಚುವುದು.

ಕಲ್ಲೂ ಬಂಡೆಯೂ ಈಗಲೂ ಇವೆ. ಆದರೆ ಗಂಡ ಹೊಡೆದ ಗೂಟ ನಕ್ಷೆಯಲ್ಲಿ ಇಲ್ಲ. ಗೂಟ ಗುಂಡಿಗೆ ಎಷ್ಟು ಹತ್ತಿರ ಎಂಬುದೇ ಪ್ರಶ್ನೆ.

"ಒಂದ್ ದಿನದ ಮಟ್ಟಿಗೆ ಕೊಡಮ್ಮೋ," ಎಂದಳು ಹೆಂಗಸು. "ಒಲ್ದಾಗೆ ಇಟ್ಟು ನೋಡ್ಕಂಡು ಸಂಜೆ ಬಸ್ಸಿಗೇ ತಂದು ಕೊಡ್ತೀನಿ. ಮಗೀನ ತರ ನೋಡ್ಕಂತೀನಿ."

"ನಕ್ಷೆ ಹೊರಗೆ ಬರಲ್ಲಮ್ಮ. ನಿನ್ನ ಹೊಲ ಇಲ್ಲಿಗೆ ತಗೊಂಡು ಬಾ."

"ಒಲಾನ ಎತ್ತಿ ಬಸ್ಸಿಗೆ ಆಕ್ಕಂಡ್ ಬರ್ಲಾ? ಕಂಡಕ್ಟ್ರು ಲಗೇಜ್ ಕೇಳ್ತಾನೆ."

ಹಜಾರದಲ್ಲಿ ತಾತ ಪತ್ರಿಕೆಯ ಹಿಂದೆ ನಕ್ಕರು. ಮೇಡಂ ನಗಲಿಲ್ಲ. ಕಲ್ಲಿನಿಂದ ಗೂಟಕ್ಕೆ ಒಂದು ಅಳತೆ, ಬಂಡೆಯಿಂದ ಗೂಟಕ್ಕೆ ಒಂದು ಅಳತೆ, ಇವೆರಡನ್ನು ಯಾವುದರಲ್ಲಿ ಬೇಕಾದರೂ ಅಳೆದು ತಾ, ಅಳೆದದ್ದನ್ನೂ ಜೊತೆಗೆ ತಾ ಎಂದು ಬಿಡಿಸಿ ಹೇಳಿದರು. ಆಕೆ ಹೂ ಮುಡಿದುಕೊಂಡು ಹೋದಳು.

ಶನಿವಾರ ಬಂದಳು. ಹೆಗಲ ಮೇಲೆ ಸುರುಳಿ ಸುತ್ತಿದ ನಾರಿನ ಹಗ್ಗ, ಮನೆಯ ಹಿತ್ತಲ ಬಾವಿಯಲ್ಲಿ ನೀರು ಸೇದುವುದು. ಅದಕ್ಕೆ ಎರಡು ಬಟ್ಟೆಯ ಚೂರು ಕಟ್ಟಿದ್ದಳು. ಗಡಿಕಲ್ಲಿನಿಂದ ಗೂಟಕ್ಕೆ ಹಗ್ಗದ ಪೂರ್ತಿ ಉದ್ದ ಎರಡು ಸಲ, ಮತ್ತೆ ಕೆಂಪು ಚೂರಿನವರೆಗೆ. ಬಂಡೆಯಿಂದ ಒಂದು ಹಗ್ಗ, ಮತ್ತೆ ಬಿಳಿ ಚೂರಿನವರೆಗೆ. ಗಂಡ ಹಾಲು ಹಾಕಲು ಹೋದಾಗ, ಶುಕ್ರವಾರ ಬೆಳಿಗ್ಗೆ ಮೈದುನನನ್ನು ಇನ್ನೊಂದು ತುದಿಗೆ ನಿಲ್ಲಿಸಿ ಅಳೆದಿದ್ದಳು.

ಹಗ್ಗದಲ್ಲಿ ಮಣ್ಣಿತ್ತು. ಅದನ್ನು ಕೋಣೆಯೊಳಗೆ ಬಿಡಲಿಲ್ಲ. ಹಜಾರದಲ್ಲಿ ಹಿಡಿದು ಎಳೆದೆವು, ಒಂದು ತುದಿಗೆ ತಾತ, ಇನ್ನೊಂದಕ್ಕೆ ನಾನು. ಮೇಡಂ ಮಂಡಿಯೂರಿ ಟೇಪಿನಲ್ಲಿ ಅಳೆದರು. ಆಮೇಲೆ ಕೈ ತೊಳೆದು, ಒರೆಸಿ, ಒಳಗೆ ಹೋಗಿ ಬೇರೆ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಪ್ರತಿ ಬರೆದರು. ಅಳತೆಗೆ ಮರದ ಸ್ಕೇಲು ಮುಟ್ಟಲಿಲ್ಲ. ನಕ್ಷೆಯ ಕೆಳಮೂಲೆಯಲ್ಲಿ ಬರೆದಿದ್ದ ಅಳತೆಪಟ್ಟಿಯನ್ನೇ ಕಾಗದದ ಅಂಚಿಗೆ ಗುರುತು ಮಾಡಿಕೊಂಡು ಬಳಸಿದರು. ನಕ್ಷೆ ಇರುವ ಟ್ರೇಸಿಂಗ್ ಬಟ್ಟೆ ವರ್ಷಗಳಲ್ಲಿ ಕುಗ್ಗಿರುತ್ತದೆ, ಅದರ ಜೊತೆ ಪಟ್ಟಿಯೂ ಅಷ್ಟೇ ಕುಗ್ಗಿರುತ್ತದೆ, ಆದ್ದರಿಂದ ಅದು ಸುಳ್ಳು ಹೇಳುವುದಿಲ್ಲ ಎಂದರು, ನಾನು ಕೇಳಿದಾಗ. ಕೈವಾರದಿಂದ ಎರಡು ಕಮಾನು ಎಳೆದರು. ಕಮಾನುಗಳು ಕೂಡಿದ ಜಾಗ ಚೌಕದಿಂದ ದೂರದಲ್ಲಿತ್ತು. ನೆಲದ ಮೇಲಾದರೆ ಒಂದು ಎತ್ತಿನ ಗಾಡಿ ಆರಾಮವಾಗಿ ತಿರುಗುವಷ್ಟು.

ಹೆಂಗಸು ಕಡ್ಡಿ ಹಿಡಿದು ತಾನೇ ನೋಡಿದಳು. ಚೌಕ ಇಲ್ಲಿ, ಗೂಟ ಅಲ್ಲಿ. ಅವಳ ಮುಖ ಹಗುರಾಯಿತು. ಇನ್ನೇನಮ್ಮ, ಸೋಮವಾರ ಅಗೆಯೋದೇ, ನೀರು ಬಂದ್ರೆ ನಮಗೂ ಒಂದು ಚೊಂಬು ಹಾಲು ಎಂದರು ತಾತ.

ಮೇಡಂ ಹಗ್ಗವನ್ನು ಸುತ್ತಿ ಅವಳ ಕೈಗೆ ಕೊಡಲು ಹೋದವರು ಅರ್ಧಕ್ಕೆ ನಿಲ್ಲಿಸಿದರು. ಹಗ್ಗವನ್ನು ಬೆರಳ ನಡುವೆ ಉಜ್ಜಿ ನೋಡಿದರು. ಒಣಗಿ ಗರಗರ ಎನ್ನುತ್ತಿತ್ತು.

"ಅಳೆಯುವಾಗ ಇದು ಒದ್ದೆ ಇತ್ತಾ?"

"ನೀರು ಸೇದೋ ಅಗ್ಗ ಕಣಮ್ಮ, ಒಣಗಿರ್ತದಾ? ಅಸುಗಳಿಗೆ ನೀರು ಸೇದಿ ಆಕಿ, ಅಂಗೇ ಬಿಚ್ಕಂಡ್ ಒಲಕ್ಕೋದೆ."

ಮೇಡಂ ನಲ್ಲಿಯ ಹತ್ತಿರ ಹೋಗಿ ಬಕೆಟ್ ತುಂಬಿಸಿದರು. ಒಂದು ಹನಿ ಬಿದ್ದರೆ ಟ್ರೇಸಿಂಗ್ ಬಟ್ಟೆಯ ಗಂಜಿ ಕರಗಿ ಗೆರೆ ಹಾಳಾಗುತ್ತದೆಂದು ಎಲ್ಲರ ಅಂಗೈ ನೋಡುತ್ತಿದ್ದ ಅವರು ಇಡೀ ಹಗ್ಗವನ್ನು ಬಕೆಟ್ಟಿನಲ್ಲಿ ಅದ್ದಿ, ಅದರ ಮೇಲೆ ಒಂದು ಕಲ್ಲು ಹೇರಿದರು. ಕೋಣೆಯ ಬಾಗಿಲು ಹಾಕಿಸಿದರು. ನಾರಿನ ಹಗ್ಗ ನೆನೆದರೆ ಕುಗ್ಗುತ್ತದೆ, ಒಣಗಿದರೆ ಉದ್ದವಾಗುತ್ತದೆ, ಅಳೆದಾಗ ಹೇಗಿತ್ತೋ ಹಾಗೆಯೇ ಇರಬೇಕು ಎಂದರು.

"ಕಟ್ಟಿದ ಅಸು ಮಳೇಲಿ ನೆಂದ್ರೆ ಗಂಟು ಬಿಚ್ಚಕ್ಕೆ ಆಗಲ್ಲ," ಎಂದಳು ಹೆಂಗಸು ನಿಧಾನವಾಗಿ. "ಅದು ಗೊತ್ತು. ಅದು ಇಲ್ಲಿಗೂ ಲೆಕ್ಕಕ್ಕೆ ಬತ್ತದೆ ಅಂತ ಒಳೀಲಿಲ್ಲ."

ಅವಳು ಮಧ್ಯಾಹ್ನದ ಬಸ್ಸನ್ನು ಬಿಟ್ಟಳು. ಹಗ್ಗ ನೆನೆಯುವವರೆಗೆ ನಾವು ಜಗಲಿಯಲ್ಲಿ ಕೂತೆವು. ತಾತ ಅವಳಿಗೆ ಬಿಸ್ಕತ್ತು ಕೊಟ್ಟರು, ಅವಳು ತಿನ್ನದೆ ಸೆರಗಿಗೆ ಕಟ್ಟಿಕೊಂಡಳು.

ಮತ್ತೆ ಎಳೆದಾಗ ಹಜಾರದ ನೆಲವೆಲ್ಲ ನೀರಾಯಿತು. ಹಗ್ಗ ಎದ್ದುಕಾಣುವಷ್ಟು ಗಿಡ್ಡವಾಗಿತ್ತು. ಒಂದು ಹಗ್ಗದ ಉದ್ದಕ್ಕೆ ಬಂದ ವ್ಯತ್ಯಾಸ, ಗಡಿಕಲ್ಲಿನಿಂದ ಅಳೆದ ಎರಡು ಹಗ್ಗ ಮತ್ತು ಕೆಂಪು ಚೂರಿನವರೆಗಿನ ದೂರದಲ್ಲಿ ದುಪ್ಪಟ್ಟಿಗೂ ಹೆಚ್ಚಾಗಿತ್ತು. ಮೇಡಂ ಕೈ ತೊಳೆದರು, ಒರೆಸಿದರು, ತಮ್ಮ ಅಂಗೈಯನ್ನು ತಾವೇ ನೋಡಿಕೊಂಡರು. ಒಳಗೆ ಹೋಗಿ ಹೊಸ ಕಮಾನುಗಳನ್ನು ಎಳೆದರು. ಅವು ಚೌಕದ ಅಂಚಿನ ಮೇಲೆ ಕೂಡಿದವು.

ಹೆಂಗಸು ಕಡ್ಡಿಯನ್ನು ಅಲ್ಲಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಪ್ರತಿ ಬರೆದ ಹಾಳೆಯನ್ನು ಒಯ್ಯಬಹುದಿತ್ತು, ಅದು ಸಂಗ್ರಹಕ್ಕೆ ಸೇರಿದ್ದಲ್ಲ. ಮೇಡಂ ಅದನ್ನು ನಾಲ್ಕಾಗಿ ಮಡಿಸಿ ಕೊಟ್ಟರು. ಗಂಡ ನಂಬದಿದ್ದರೆ ಏನು ಮಾಡಲಿ ಎಂದು ಅವಳು ಕೇಳಿದಳು.

"ನಂಬೋದು ಬೇಡ," ಎಂದರು ಮೇಡಂ. "ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗೂಟದ ಹತ್ತಿರ ಹಾರೆ ಇಳಿಸಿ ನೋಡಲಿ. ಹಗ್ಗದ ಇನ್ನೊಂದು ತುದಿ ಮರಕ್ಕೆ ಕಟ್ಟಿ, ನೀನೂ ಹಿಡ್ಕೋ."

ಮುಂದಿನ ವಾರ ನಾನು ಸೈಕಲ್ ಬಾಡಿಗೆಗೆ ತೆಗೆದುಕೊಂಡು ಆ ಹಳ್ಳಿಗೆ ಹೋದೆ. ಸೋಮವಾರ ಪೂಜೆಗೆ ಮೊದಲು ಗಂಡ ಹಾರೆ ಇಳಿಸಿದ್ದ. ಎರಡನೆಯ ಸಲಕ್ಕೆ ಮರದ ಹಲಗೆಗೆ ತಾಗಿತು, ಮೂರನೆಯ ಸಲಕ್ಕೆ ಹಾರೆ ಕೈಬಿಟ್ಟು ಹೋಯಿತು. ಅದು ತಳ ಮುಟ್ಟಿದ ಸದ್ದು ಕೇಳಲು ಕಾಯಬೇಕಾಯಿತು ಎಂದು ಅವನೇ ನನಗೆ ಹೇಳಿದ. ಹೇಳುವಾಗ ಹೆಂಡತಿಯ ಕಡೆ ನೋಡಲಿಲ್ಲ. ಅವಳು, ನನ್ ಆರೆ ಓಯ್ತು ಅಂತ ಇನ್ನೂ ಕೊರಗ್ತಾ ಅವ್ನೆ ನೋಡಿ ಸಾರ್ ಎಂದಳು. ಕಣ್ಣು ಕಾಣದ ಮಾವ ಜಗಲಿಯಲ್ಲಿ ಕೂತು, ಪೂರ್ವಕ್ಕೆ ಅಂತ ನಾನು ಹೇಳ್ಲಿಲ್ವಾ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಗುಂಡಿಯ ಸುತ್ತ ಜಾಲಿ ಮುಳ್ಳು ಹಾಕಿದ್ದರು. ನಾನು ಅದನ್ನೂ ವರದಿ ಮಾಡಿದೆ. ಬಾವಿಗೆ ಬೇರೆ ಜಾಗ ನೋಡಿದರು. ಈ ಸಲ ತೆಂಗಿನಕಾಯಿಯವರು ತೋರಿಸಿದ ಮೇಲೆ ಆಕೆ ಹಗ್ಗ ಹಿಡಿದು ಮತ್ತೆ ವಾಚನಾಲಯಕ್ಕೆ ಬಂದು, ಕೇಳುವ ಮೊದಲೇ ಅದನ್ನು ಬಕೆಟ್ಟಿಗೆ ಹಾಕಿದಳು.

ಹಲಗೆಯ ಕೊನೆಗೆ ಆ ವರ್ಷ ಒಂದು ಸಾಲು ಸೇರಿತು: ಅಳತೆಗೆ ಹಗ್ಗ ತರುವವರು, ಅಳೆದಾಗ ಅದು ಒದ್ದೆಯಿತ್ತೋ ಒಣಗಿತ್ತೋ ತಿಳಿಸತಕ್ಕದ್ದು.

1993ರಲ್ಲಿ ಪತ್ರಿಕೆ ನನ್ನನ್ನು ಬೇರೆ ಜಿಲ್ಲೆಗೆ ವರ್ಗ ಮಾಡಿತು. ಹೊರಡುವ ಮುನ್ನ ವಾಚನಾಲಯಕ್ಕೆ ಹೋದೆ. ಕೋಣೆಯ ಬಾಗಿಲು ತೆರೆದಿತ್ತು, ಮೇಡಂ ನನ್ನ ಅಂಗೈ ನೋಡಿದರು. ಅಂದೇ ಸಂಜೆ ಕ್ಯಾಸಂಬಳ್ಳಿ ಬಸ್ಸು ಹಿಡಿದು ಆ ಹೊಲಕ್ಕೂ ಹೋದೆ. ಗುಂಡಿಯನ್ನು ಕಲ್ಲು ತುಂಬಿ ಮುಚ್ಚಿದ್ದರು. ಹೊಸ ಬಾವಿಯಲ್ಲಿ ನೀರಿತ್ತು. ಸೇದುವ ಹಗ್ಗ ನೈಲಾನಿನದಾಗಿತ್ತು.