ಗಟ್ಟಿಯಾಗದ ಮೇಣ

ಬೆಳಕು ಹರಿಯುವ ಮುನ್ನವೇ ಸೊವಾಜಿಗ್ ಅಜ್ಜಿ ಒಲೆ ಮುಂದೆ ಕೂತು ಜೇನುಮೇಣ ಕರಗಿಸುತ್ತಾಳೆ. ಬೆರಳಲ್ಲೇ ತಿದ್ದಿ ಪುಟ್ಟ ಶಿಲುಬೆ ಮಾಡಿ ತಣ್ಣನೆಯ ಕಲ್ಲಿನ ಮೇಲಿಡುತ್ತಾಳೆ. ಫ್ರಾನ್ಸಿನ ಪಡುವಣ ತುದಿಯ ನಮ್ಮ ಉಎಸ್ಸಾಂ ದ್ವೀಪದಲ್ಲಿ ಕಡಲು ಹೆಣ ಹಿಂದಿರುಗಿಸದ ಮನೆಗೆ ಈ ಮೇಣವೇ ಹೆಣ. ರಾತ್ರಿಯಿಡೀ ಅದರ ಸುತ್ತ ಕಾದು ಕೂತು, ಬೆಳಿಗ್ಗೆ ಇಗರ್ಜಿಗೆ ಒಯ್ಯುತ್ತಾರೆ. ಮಾಡಿದವಳು ಯಾರೆಂದು ಯಾರೂ ಕೇಳುವುದಿಲ್ಲ. ಕೂಲಿ, ಒಂದು ತುಂಡು ಬಾರ್ಲಿ ರೊಟ್ಟಿ.

"ಗಟ್ಟಿಯಾಗೋವರೆಗೂ ಅದು ಬರೀ ಮೇಣ ಕಣಪ್ಪ," ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾಳೆ. "ಗಟ್ಟಿಯಾದ್ಮೇಲೆ ಅದು ಸತ್ತೋನೇ. ನಾನು ಮುಟ್ಟಲ್ಲ."

ಇಲ್ಲಿನ ಏಳು ಮಂದಿ ‘ಬೆಲ್ ಓರೋರ್’ ಯುದ್ಧನೌಕೆಯಲ್ಲಿದ್ದರು. ಅದರ ಕಥೆ ನಾನು ಬ್ರೆಸ್ತ್ ಬಂದರಿನ ಬಡಗಿಗಳಿಂದ ಕೇಳಿದ್ದು, ತಪ್ಪಿದ್ದರೆ ನನ್ನದೇ. ಬ್ರೆಸ್ತ್‌ನಲ್ಲೇ ಕಟ್ಟಿದ ಹಡಗು. ಅಮೆರಿಕದ ಯುದ್ಧಕ್ಕೆ ಸೈನಿಕರನ್ನು ಹೊತ್ತಿತು. ಬಂಡೆಗೆ ಉಜ್ಜಿ ಬಲಮಗ್ಗುಲಿಗೆ ಹೊಸ ಹಲಗೆಯ ತೇಪೆ ಹಾಕಿಸಿಕೊಂಡಿತು. ಒಮ್ಮೆ ಜ್ವರದಲ್ಲಿ ಅರ್ಧ ಜನರನ್ನು ಕಳೆದುಕೊಂಡು ಮರಳಿತು. ಇಂಗ್ಲಿಷರೊಡನೆ ಯುದ್ಧ ನಡೆದಿದ್ದ ಕಳೆದ ಚಳಿಗಾಲ ನಮ್ಮ ಕಣ್ಣೆದುರೇ ಮಂಜಿನೊಳಗೆ ಹೊಕ್ಕಿತು. ಫಿರಂಗಿಗಳು ಗುಡುಗಿದವು, ಆಮೇಲೆ ಏನೂ ಕೇಳಿಸಲಿಲ್ಲ. ದಡಕ್ಕೆ ಬಂದದ್ದು ಮುರಿದ ಹಲಗೆ, ಒಂದು ಟೋಪಿ. ಅಜ್ಜಿ ಆರು ಶಿಲುಬೆ ಮಾಡಿದಳು. ಏಳನೆಯವನು ಅವಳ ಮಗ ಗ್ವೆನೊಲೆ, ಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದವನು.

ಈಸ್ಟರ್ ಕಳೆದ ಮೇಲೆ ಒಂದು ಮುಂಜಾನೆ, ಕುರಿ ಕಾಯುವ ಹೆಂಗಸರು ಅದೇ ಹಡಗನ್ನು ಕಂಡರು. ಅದೇ ತೇಪೆ, ಮೇಲೆ ಇಂಗ್ಲಿಷರ ಬಾವುಟ. ಹುಲ್ಲೂ ಅಲುಗದ ಹೊತ್ತಿನಲ್ಲಿ ಹಾಯಿ ಉಬ್ಬಿಸಿಕೊಂಡು, ಸದ್ದೇ ಇಲ್ಲದೆ ಬಂಡೆಗಳ ನಡುವೆ ಹಾದುಹೋಯಿತು. ಆ ದಾರಿ ದ್ವೀಪದವರಿಗಲ್ಲದೆ ಬೇರೆಯವರಿಗೆ ತಿಳಿಯದು.

ಅಂದಿನಿಂದ ಮಾಲೊ ದಿನವೂ ಬರುತ್ತಾನೆ. ಸಾವಿನ ಸುದ್ದಿ ಹೇಳಲು ಮನೆಮನೆಯ ಬಾಗಿಲು ತಟ್ಟುವ ಮುದುಕ ಅವನು.

"ಚುಕ್ಕಾಣಿ ಹಿಡಿದೋನು ಬದುಕಿದ್ರೆ ಊರ ಕಡೆ ಕೈ ಬೀಸ್ತಿರಲಿಲ್ವೇನೇ? ಮಲಗೋಕೆ ಜಾಗ ಇಲ್ದೆ ಅಲೀತಿದ್ದಾನೆ ನಿನ್ನ ಮಗ. ಶಿಲುಬೆ ಮಾಡಿ ಮಲಗ್ಸು."

"ಪಕ್ಕದಲ್ಲಿ ಇಂಗ್ಲಿಷರು ಬಂದೂಕ ಹಿಡಿದು ನಿಂತಿದ್ರೆ ನೀನು ಬೀಸ್ತಿದ್ಯೇನೋ ಕೈಯ? ಹೋಗೋ, ನನ್ನ ಬಾಗಿಲು ತಟ್ಟಿದ್ರೆ ಬೆರಳು ಮುರೀತೀನಿ."

ಅವನು ಹೋದ ಮೇಲೆ ಅಜ್ಜಿ ರವಿಕೆಯೊಳಗಿಂದ ಮೇಣದ ಉಂಡೆಯೊಂದನ್ನು ತೆಗೆಯುತ್ತಾಳೆ. ಚಳಿಗಾಲವಿಡೀ ಮೈಶಾಖದಲ್ಲೇ ಇಟ್ಟುಕೊಂಡದ್ದು. ನನ್ನ ಅಂಗೈಗೆ ಹಾಕುತ್ತಾಳೆ. ಬೆಚ್ಚಗಿದೆ, ಒತ್ತಿದರೆ ಬೆರಳು ಇಳಿಯುತ್ತದೆ. ಬೆಳಗಿನ ಗಾಳಿ ತಾಗುವ ಮೊದಲೇ ಮತ್ತೆ ಒಳಗಿಟ್ಟುಕೊಳ್ಳುತ್ತಾಳೆ.

ಮಗ ಬದುಕಿದ್ದಾನೆಂದು ನಂಬಿದ್ದೀಯಾ ಎಂದು ಕೇಳಲು ನನಗೆ ಧೈರ್ಯ ಸಾಲದು. ಅವಳೇ ಕಡಲಿನ ಕಡೆ ಗಲ್ಲ ಎತ್ತಿ ತೋರಿಸುತ್ತಾಳೆ.

"ಅಷ್ಟು ದೊಡ್ಡ ಹಡಗು, ಒಂದು ಬಂಡೆಗೂ ತಾಗಿಸ್ಲಿಲ್ಲ. ಆ ದಾರಿ ಕಲಿಸಿದ್ದು ನಾನು ಕಣಪ್ಪ."