ಹಾಕಿ ನೋಡಿ ಕೊಡುವವರು

ಅಂಕೋಲೆಯ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವರು, ಯಾವ ಭಾಗ ಮುಟ್ಟುವ ಮೊದಲೂ ಕಿಟಕಿಯ ಕಬ್ಬಿಣದ ಸರಳನ್ನೊಮ್ಮೆ ಹಿಡಿದು ಬಿಡುತ್ತಿದ್ದರು. ಮೈಯೊಳಗಿನ ಕರೆಂಟು ಇಳಿಯಬೇಕಂತೆ. ಬಿಚ್ಚಿದ ಸ್ಕ್ರೂಗಳಿಗೆ ಒಂದು ತೆಂಗಿನ ಗರಟೆ. ಏನು ಕೇಳಿದರೂ "ಹಾಕಿ ನೋಡ್ವಾ, ಆಮೇಲೆ ಮಾತು" ಎನ್ನುತ್ತಿದ್ದರು.

ನನ್ನ ಲ್ಯಾಪ್‌ಟಾಪು ಎರಡು ಪುಟ ಟೈಪಿಸುವಷ್ಟರಲ್ಲಿ ನಿಂತುಬಿಡುತ್ತಿತ್ತು. ನಾನು ಕಲಿಸುತ್ತಿದ್ದ ಶಾಲೆಗೆ ಮರುದಿನವೇ ಪ್ರಶ್ನೆಪತ್ರಿಕೆ ಕೊಡಬೇಕು. ಮೆಮೊರಿ ಸಾಲದೆಂದು ಕಾರವಾರದಲ್ಲಿ ನಾನೇ ಆರಿಸಿ ತಂದ ಬೆರಳುದ್ದದ ಮೆಮೊರಿ ಪಟ್ಟಿಯನ್ನು ಅವರು, ಲ್ಯಾಪ್‌ಟಾಪು ಬಿಚ್ಚಿ, ಅದು ಕೂರಬೇಕಾದ ಜಾಗದ ಪಕ್ಕ ಹಿಡಿದರು.

"ಇದರ ಕಚ್ಚು ಬೇರೆ ಕಡೆ ಅದೆ ಅಕ್ಕೋರೆ. ಕೂರೂದಿಲ್ಲ."

"ಎಲ್ಲದಕ್ಕೂ ಆಗ್ತದೆ ಅಂದಿದ್ದ ಅಂಗಡಿಯವ."

"ಅವ ಹಾಕಿ ನೋಡಿದ್ನಾ?"

ಹೊಂದುವಂಥದ್ದು ತರಿಸಲು ವಾರ ಬೇಕೆಂದರು. ಆಮೇಲೆ ಸರಳು ಮುಟ್ಟಿ, ತಮ್ಮದೇ ಲ್ಯಾಪ್‌ಟಾಪ್ ಬಿಚ್ಚಿ, ಅದರಲ್ಲಿದ್ದ ಎರಡು ಮೆಮೊರಿಗಳಲ್ಲಿ ಒಂದನ್ನು ತೆಗೆದು ನನ್ನದಕ್ಕೆ ಕೂರಿಸಿದರು. ಪುಟಗಳು ಸರಸರನೆ ತೆರೆದುಕೊಂಡವು.

ಎರಡು ದಿನ ಬಿಟ್ಟು ಹೋದಾಗ ಅವರು ತಮ್ಮ ಪರದೆಯ ಮುಂದೆ ಕೈಕಟ್ಟಿ ಕೂತಿದ್ದರು. ಅದರಲ್ಲಿ ಕಾಯಿರಿ ಎನ್ನುವ ಮರಳುಗಡಿಯಾರದ ಗುರುತು ನಿಂತಲ್ಲೇ ನಿಂತಿತ್ತು.

"ಪ್ರಶ್ನೆಪತ್ರಿಕೆ ಮುಗೀತು. ನಿಮ್ಮದು ನೀವು ತೆಗೆದುಕೊಳ್ಳಿ" ಎಂದೆ.

"ಚಲೋ ಕೂತದೆ, ಅದನ್ನೇ ನೀವು ಇಟ್ಕೊಳ್ಳಿ. ಹೊಸದು ಬಂದ್ಮೇಲೆ ನಾ ಹಾಕ್ಕೊಳ್ತೆ." ಪರದೆಯ ಕಡೆ ಗದ್ದ ತೋರಿಸಿದರು. "ಕೂತ್ಕೊಳ್ಳಿ. ಇದು ಏಳುವಷ್ಟರಲ್ಲಿ ಚಾ ಕುಡೀವಾ."