ಮೇಲೆ ಕೆಳಗೆ ಮಾತ್ರ ಆಡುವ ಕುತ್ತಿಗೆ

ಮೊನ್ನೆ ಸಂಜೆ ಪಕ್ಕದ ಮನೆಯ ಅರ್ಪಿತಾ ತನ್ನ ಇಂಗ್ಲಿಷ್ ವ್ಯಾಕರಣದ ಹಾಳೆ ಹಿಡಿದುಕೊಂಡು ಬಂದಳು. ನಾಲ್ಕನೆಯ ತರಗತಿಯ ಹುಡುಗಿ. ಅವಳಪ್ಪನಿಗೆ ಶಕ್ತಿನಗರದಲ್ಲಿ ಪಾಳಿಯ ಕೆಲಸ, ಅವ್ವನಿಗೆ ಪಾಳಿಯೇ ಇಲ್ಲದ ಮನೆಗೆಲಸ. ಹೀಗಾಗಿ ಇಂಗ್ಲಿಷಿನ ತೊಡಕು ಬಂದಾಗಲೆಲ್ಲ ರಾಯಚೂರಿನ ನಮ್ಮ ಓಣಿಗೆ ಈ ಹಳೆಯ ಮಾಸ್ತರನೇ ಗತಿ. ಹಾಳೆಯ ತುಂಬ ವಾಕ್ಯಗಳು. ಪ್ರತಿಯೊಂದರ ಮುಂದೆ ಸರಿಯೋ ತಪ್ಪೋ ಗುರುತು ಹಾಕಬೇಕು. ಕನ್ನಡಕ ಎಲ್ಲೋ ಇಟ್ಟು ಮರೆತಿದ್ದೆ. ಹುಡುಕಲು ಸೋಮಾರಿತನವಾಗಿ ಒಂದು ವಾಕ್ಯವನ್ನು ಅಂದಾಜಿನ ಮೇಲೆ ಸರಿ ಎಂದುಬಿಟ್ಟೆ.

"ಇದು ತಪ್ಪು ಅದ ಅಜ್ಜಾ. ನೀವು ನೆಟ್ಟಗ ಓದಿಲ್ಲ," ಎಂದಳು ಹುಡುಗಿ, ಮಳೆ ಬಂತು ಎಂದು ಹೇಳುವಷ್ಟೇ ಸಲೀಸಾಗಿ.

ಮಗಳನ್ನು ಊಟಕ್ಕೆ ಕರೆಯಲು ಬಂದು ಬಾಗಿಲಲ್ಲಿ ನಿಂತಿದ್ದ ತಾಯಿ ನಾಚಿಕೆಯಿಂದ ಮುದುಡಿದಳು. ಮಗಳನ್ನು ಒಂದಿಷ್ಟು ಬೈದು, ಆಮೇಲೆ ನನ್ನ ಕಡೆ ತಿರುಗಿ ಸಾಕ್ಷಿ ಕೇಳಿದಳು: "ದೊಡ್ಡೋರಿಗೆ ಹಂಗ ತಪ್ಪು ಅನ್ನಬಾರದು, ಹೌದಲ್ರೀ ಅಜ್ಜಾರ?"

ಸುಲಭದ ಪ್ರಶ್ನೆ. ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಆದರೆ ನನ್ನ ಅಂಗೈ ಒದ್ದೆಯಾಗಿತ್ತು. ಎಂಬತ್ತು ದಾಟಿದ ಮುದುಕ, ನಾಲ್ಕನೆಯ ತರಗತಿಯ ಹಾಳೆ ಹಿಡಿದು ಬೆವೆತರೆ ನಿಮಗೆ ನಗು ಬರುವುದು ಸಹಜ. ಆ ತಾಯಿ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಿರಲಿ. ಅವಳಿಗೆ ಉತ್ತರ ಕೊಡುವ ಮೊದಲು ನಿಮಗೊಂದು ಮಾತು ಹೇಳಬೇಕು.

ನಾನು ಹುಟ್ಟಾ ಪುಕ್ಕಲ. ಕೆಲವರಿಗೆ ಹಾವಿನ ಭಯ, ಕೆಲವರಿಗೆ ನೀರಿನ ಭಯ. ನನಗೆ ಪ್ರಶ್ನೆಯ ಭಯ. ಅದರಲ್ಲೂ ಕೋಟು ಹಾಕಿದವರು ಕೇಳುವ ಪ್ರಶ್ನೆ. ಇದು ನನ್ನ ಸ್ವಂತ ಗಳಿಕೆಯೇನಲ್ಲ, ಪಿತ್ರಾರ್ಜಿತ. ಮಾನ್ವಿಯಲ್ಲಿ ನಮ್ಮಪ್ಪ ಬಟ್ಟೆಯ ಅಂಗಡಿಯ ಕಟ್ಟೆಯ ಮೇಲೆ ಕೂತು ಅಂಗಿ ಹೊಲಿಯುತ್ತಿದ್ದ. ಠಾಣೆಯ ಸಾಹೇಬರು ಬಂದು, ತೋಳು ಗಿಡ್ಡವಾಗಿದೆಯಲ್ಲ ಎಂದರೆ ಹೌದು ಎನ್ನುತ್ತಿದ್ದ. ಮರುಗಳಿಗೆ ಉದ್ದವಾಯಿತೇನೋ ಎಂದರೆ ಅದಕ್ಕೂ ಹೌದು ಎನ್ನುತ್ತಿದ್ದ. ನಮ್ಮ ಮನೆತನದ ಕುತ್ತಿಗೆಗೆ ಮೇಲೆ ಕೆಳಗೆ ಆಡುವುದು ಗೊತ್ತಿತ್ತು, ಅಡ್ಡಡ್ಡ ಆಡುವುದು ಗೊತ್ತಿರಲಿಲ್ಲ. ಅವ್ವ ಮಾತ್ರ ಕುರ್ಡಿ ಎಂಬ ಊರಿನವಳು, ಜಗಳಗಂಟಿ. ಆ ಕಡೆಯ ರಕ್ತ ನನಗೆ ಬರಲಿಲ್ಲ, ತಂಗಿಗೆ ಹೋಯಿತು.

ಹೇಗೋ ಓದಿ ದೇವದುರ್ಗದ ಪ್ರಾಥಮಿಕ ಶಾಲೆಯಲ್ಲಿ ಸಹಾಯಕ ಮಾಸ್ತರನಾದೆ. ರಾಯಚೂರಿನಲ್ಲಿ ಕಲಿತು ಬಂದವನೆಂಬ ಒಂದೇ ಕಾರಣಕ್ಕೆ ಇಂಗ್ಲಿಷ್ ನನ್ನ ಕೊರಳಿಗೆ ಬಿತ್ತು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ದೂರದಲ್ಲಿ ಏನೇನೋ ನಡೆದಿದೆ ಎಂಬ ಸುದ್ದಿ ಬಸ್ಸಿನ ಧೂಳಿನ ಜೊತೆ ಬರುತ್ತಿತ್ತು. ಹೊತ್ತು ಮುಳುಗುವ ಮೊದಲೇ ಜನ ಕದ ಹಾಕಿಕೊಳ್ಳುತ್ತಿದ್ದರು. ಯಾರು ಯಾರ ಕಡೆ ಎಂದು ತಿಳಿಯದೆ ಎಲ್ಲರೂ ಎಲ್ಲರಿಗೂ ಹೌದು ಎನ್ನುತ್ತಿದ್ದರು. ಆ ಮಟ್ಟಿಗೆ ನಾನು ಕಾಲಕ್ಕೆ ತಕ್ಕ ಮನುಷ್ಯನೇ ಆಗಿದ್ದೆ.

ಶಾಲೆ ಬಿಟ್ಟ ಮೇಲೆ, ಬೆಳಕಿರುವ ತನಕ, ನಾಲ್ಕಾರು ಮಕ್ಕಳು ನನ್ನ ಬಾಡಿಗೆ ಮನೆಯ ಕಟ್ಟೆಗೆ ಬರುತ್ತಿದ್ದರು. ಅವರಲ್ಲಿ ಒಬ್ಬ ಹುಲಿಗೆಪ್ಪ. ಹೆಸರಿನಲ್ಲಿ ಮಾತ್ರ ಹುಲಿ; ಕಂಬದ ಮರೆಯಲ್ಲಿ, ಎಲ್ಲರಿಗಿಂತ ಹಿಂದೆ, ಮೊಣಕಾಲು ಅಪ್ಪಿಕೊಂಡು ಕೂಡುತ್ತಿದ್ದ. ಅವನಪ್ಪ ಮಾನಪ್ಪ ಊರ ಹೊರಗಿನ ವಾಡೆ ಎಂಬ ದೊಡ್ಡ ಮನೆಯ ಧಣಿಯ ಹತ್ತಿರ ಆಳು. ಹುಡುಗ ಬೆಳಿಗ್ಗೆ ದನ ಬಿಚ್ಚಿ ಸಾಲೆಗೆ ಬರುತ್ತಿದ್ದ, ಸಂಜೆ ಹೋಗಿ ಮತ್ತೆ ಕಟ್ಟುತ್ತಿದ್ದ. ಆದರೆ ತಲೆ ಎಂಥದು ಅಂತೀರಿ. ಎತ್ತುಗಳು ಎನ್ನುವ 'ಆಕ್ಸೆನ್' ಶಬ್ದದ ತುದಿಗೆ ಬಹುವಚನದ ಬಾಲ ಕಾಣುವುದಿಲ್ಲ. ಅದರ ಮುಂದೆ 'ಈಜ್' ಬರುತ್ತದೋ 'ಆರ್' ಬರುತ್ತದೋ ಎಂದು ಕೇಳಿದರೆ ಉಳಿದವರೆಲ್ಲ ಎಡವುತ್ತಿದ್ದರು. ಹುಲಿಗೆಪ್ಪ ಕಂಬದ ಹಿಂದಿನಿಂದಲೇ 'ಆರ್' ಎನ್ನುತ್ತಿದ್ದ. ಎತ್ತು ಯಾವತ್ತಾದರೂ ಒಂದೇ ಇರುತ್ತದೇನ್ರಿ, ಜೋಡಿಯೇ ಅಲ್ಲವೇ, ಎಂದು ನನ್ನನ್ನೇ ಕೇಳುತ್ತಿದ್ದ. ವ್ಯಾಕರಣ ಅದಲ್ಲ, ಆದರೆ ಉತ್ತರ ಅದೇ.

ಆ ವರ್ಷ ಶಾಲೆಯ ತಪಾಸಣೆಗೆ ದೊಡ್ಡ ಸಾಹೇಬರು ಬರುವವರಿದ್ದರು. ನಾಲ್ಕನೆಯ ಜಮಾತಿನಿಂದ, ಎಂದರೆ ತರಗತಿಯಿಂದ, ಒಬ್ಬನೇ ಒಬ್ಬ ಹುಡುಗನನ್ನು ಆರಿಸಿ ರಾಯಚೂರಿನ ಸರ್ಕಾರಿ ಬೋರ್ಡಿಂಗಿಗೆ ಕಳಿಸುವುದು ಅವರ ಕೈಯಲ್ಲಿತ್ತು. ಊಟ, ಬಟ್ಟೆ, ಓದು ಎಲ್ಲ ಅಲ್ಲೇ. ಹುಲಿಗೆಪ್ಪನಿಗೆ ಅದು ಸಿಗದಿದ್ದರೆ ಮುಂದಿನ ವರ್ಷದಿಂದ ವಾಡೆಯ ದನಗಳೇ ಗತಿ. ಇದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೆ ಸಾಹೇಬರದೊಂದು ಪದ್ಧತಿ ಇದೆಯೆಂದು ಹೆಡ್‌ಮಾಸ್ತರರು ನಡುಗುವ ದನಿಯಲ್ಲಿ ಹೇಳಿದರು. ತಾವೇ ಬೋರ್ಡಿನ ಮೇಲೆ ಬೇಕೆಂದೇ ಒಂದು ತಪ್ಪು ವಾಕ್ಯ ಬರೆದು, ಇದು ಸರಿಯೇ ಎಂದು ಕೇಳುತ್ತಾರೆ. ಹಿಂದಿನ ವರ್ಷ ಮಾನ್ವಿಯ ಸಾಲೆಯಲ್ಲಿ ಹುಡುಗರೆಲ್ಲ ಒಕ್ಕೊರಲಿನಿಂದ 'ಯೆಸ್ ಸರ್' ಎಂದರಂತೆ. ಆ ವರ್ಷ ಮಾನ್ವಿಯಿಂದ ಒಬ್ಬನೂ ಹೋಗಲಿಲ್ಲ. ನನ್ನ ಹುಟ್ಟೂರಿನ ಮಕ್ಕಳು ಬೇರೆ ಏನು ಮಾಡಿಯಾರು ಎಂದುಕೊಂಡೆ.

ನಾನು ಹೆಡ್‌ಮಾಸ್ತರರ ಕೋಟು, ರೂಮಿ ಟೋಪಿ ಕೇಳಿ ತಂದು ಹುಲಿಗೆಪ್ಪನಿಗೆ ರೂಢಿ ಮಾಡಿಸತೊಡಗಿದೆ. ಧೋತರದಲ್ಲಿ ಕೂತು ತಪ್ಪು ವಾಕ್ಯ ಬರೆದರೆ ಹುಲಿಗೆಪ್ಪ ತಟ್ಟನೆ ತಪ್ಪು ಎನ್ನುತ್ತಿದ್ದ. ಒಳಗೆ ಹೋಗಿ ಕೋಟು ತೊಟ್ಟು, ಟೋಪಿ ಇಟ್ಟು, ಅದೇ ವಾಕ್ಯ ಬರೆದು ಗದರಿಸಿ ಕೇಳಿದರೆ, ಎದ್ದು ನಿಂತು, ಬಾಯಿಗೆ ಅಂಗೈ ಅಡ್ಡ ಹಿಡಿದು, ನೆಲ ನೋಡುತ್ತ 'ಯೆಸ್ ಸರ್' ಎನ್ನುತ್ತಿದ್ದ. ಕೋಟಿನ ತೋಳು ನನ್ನ ಬೆರಳು ಮುಚ್ಚುತ್ತಿತ್ತು, ಟೋಪಿ ಕಿವಿಯ ಮೇಲೆ ಕೂಡುತ್ತಿತ್ತು. ಅಂಥ ಸಾಹೇಬನಿಗೂ ಹುಡುಗ ಹೆದರುತ್ತಿದ್ದ.

ತಪ್ಪು ಎಂದು ಗೊತ್ತಿದ್ದೂ ಯಾಕೆ ಹೌದು ಅನ್ನುತ್ತೀ ಎಂದು ಒಂದು ದಿನ ರೇಗಿ ಕೇಳಿದೆ.

"ಸಾಹೇಬ್ರು ಬರದ್ದು ತಪ್ಪು ಹ್ಯಾಂಗಾಗ್ತದ್ರಿ? ಅವರು ಬರದ ಮ್ಯಾಲ ಅದು ಸರಿ ಆತಲ್ರಿ."

ದಿನಾಲೂ ಹೊಲದ ಬದುವಿನ ಮೇಲೆ 'ನೋ ಸರ್, ನೋ ಸರ್' ಎಂದು ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೋ ಎಂದು ಕಳಿಸಿದೆ. ಇಷ್ಟು ಧೈರ್ಯದ ಪಾಠವನ್ನು ನನ್ನಂಥವನು ಕಲಿಸಿದ್ದು ನನಗೇ ಸೋಜಿಗ. ಆ ಮಾತನ್ನು ನಾನೇ ಅನ್ನಬೇಕಾಗಿರಲಿಲ್ಲವಲ್ಲ, ಅದಕ್ಕೇ ಇರಬೇಕು.

ಮೂರು ದಿನ ಕಳೆದಿರಲಿಲ್ಲ, ಮಾನಪ್ಪ ನನ್ನ ಕಟ್ಟೆಯ ಕೆಳಗೆ ಬಂದು ನಿಂತ. ಹೆಗಲ ಮೇಲಿನ ವಲ್ಲಿಬಟ್ಟೆ ಕಂಕುಳಿಗೆ ಇಳಿದಿತ್ತು. ಮೇಲೆ ಬಾ ಎಂದರೂ ಬರಲಿಲ್ಲ. ಹುಡುಗ ಹೊಲದಲ್ಲಿ ಏನೋ ಒದರುವುದನ್ನು ಧಣಿಯ ಕಾರಭಾರಿ ಕೇಳಿದ್ದನಂತೆ. ಹಾಗೆಂದರೇನು ಎಂದು ಕೇಳಿದರೆ, ಹುಡುಗ ಹೆದರಿ, ಇಲ್ಲ ಅಂದಂಗ್ರಿ ಎಂದು ಹೇಳಿಬಿಟ್ಟಿದ್ದ. ಯಾರಿಗೆ ಇಲ್ಲ ಅನ್ನಾಕ ಕಲ್ಯಾಕತ್ತಾನ ನಿನ್ನ ಮಗ, ಎಂದು ಕಾರಭಾರಿ ಕೇಳಿದ್ದ. ಅಷ್ಟೇ ಕೇಳಿದ್ದ. ಅಷ್ಟು ಕೇಳಿದ್ದರಿಂದಲೇ ಮಾನಪ್ಪನ ಮುಖ ಬೂದಿಯಾಗಿತ್ತು.

"ಓದು ಕಲಸ್ರಿ ಮಾಸ್ತರ್ರ, ಬರಹ ಕಲಸ್ರಿ. ಇಲ್ಲ ಅನ್ನದು ಕಲಸಬ್ಯಾಡ್ರಿ. ನಮ್ಮಪ್ಪ ಒಂದ ಸಲ ಅಂದಿದ್ದ. ಅವತ್ತಿಂದ ನಮಗ ಹೊಲ ಇಲ್ರಿ."

ನಾನು ಹೌದು ಎಂದೆ. ಮತ್ತೇನನ್ನಲಿ? ಕಾರಭಾರಿ ನಾಳೆ ನನ್ನ ಕಟ್ಟೆಗೂ ಬಂದರೆ ಎಂಬ ಚಿಂತೆ ಆಗಲೇ ಶುರುವಾಗಿತ್ತು. ಆದರೂ ಸಾಹೇಬರ ಪದ್ಧತಿಯನ್ನು ವಿವರಿಸಿ, ಮೇಲಿನವರು ತಪ್ಪು ಹೇಳಿದರೆ ಹುಡುಗ ಏನು ಮಾಡಬೇಕು ನೀನೇ ಹೇಳಪ್ಪಾ ಎಂದೆ. ಮಾನಪ್ಪನಿಗೆ ಅದೊಂದು ಪ್ರಶ್ನೆಯೇ ಅನ್ನಿಸಲಿಲ್ಲ.

"ನಾ ದಿನಾ ಮಾಡಾಕತ್ತೀನಲ್ರಿ. ಧಣಿ ಕುಂಟೆತ್ತು ಹೂಡು ಅಂತಾರ. ಹೌದ್ರಿ ಅಂತೀನಿ. ಹೊಲಕ್ಕ ಹೋಗಿ ಗಟ್ಟೆತ್ತು ಹೂಡ್ತೀನಿ."

ಕಂಬದ ಮರೆಯಲ್ಲಿ ಹುಲಿಗೆಪ್ಪ ಮೊಣಕಾಲ ಮೇಲೆ ಗದ್ದ ಊರಿ ಕೂತಿದ್ದ. ಅವನು ಕೇಳಿಸಿಕೊಂಡನೋ ಇಲ್ಲವೋ ನಾನು ಗಮನಿಸಲಿಲ್ಲ. ಮರುದಿನವೇ ಕೋಟು, ಟೋಪಿ ಹೆಡ್‌ಮಾಸ್ತರರಿಗೆ ವಾಪಸು ಕೊಟ್ಟೆ. ಇನ್ನು ದೇವರಿಟ್ಟ ಹಾಗೆ ಆಗಲಿ ಎಂದುಕೊಂಡೆ. ಪುಕ್ಕಲರಿಗೆ ದೇವರ ಮೇಲೆ ಭಕ್ತಿ ಸ್ವಲ್ಪ ಜಾಸ್ತಿ.

ತಪಾಸಣೆಯ ದಿನ ಬಂತು. ಗೋಡೆಗೆ ಬಳಿದ ಸುಣ್ಣ ಇನ್ನೂ ಹಸಿ. ಒರಗಿದವರ ಬೆನ್ನೆಲ್ಲ ಬೆಳ್ಳಗೆ. ಸಾಹೇಬರು ಎತ್ತರದ ಆಳು, ಮಿತಭಾಷಿ. ಸಿಟ್ಟಿನವರಂತೇನೂ ಕಾಣಲಿಲ್ಲ, ಅದೇ ಹೆಚ್ಚು ಹೆದರಿಕೆ. ಲೆಕ್ಕ, ಓದು ಎಲ್ಲ ಮುಗಿಸಿ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ದುಂಡಗೆ ಬರೆದರು: 'ದಿ ಆಕ್ಸೆನ್ ಈಜ್ ಇನ್ ದ ಫೀಲ್ಡ್.' ಸರಿಯೇ ಎಂದು ಕೇಳಿದರು. ಇಡೀ ಜಮಾತು 'ಯೆಸ್ ಸರ್' ಎಂದಿತು. ಸಾಹೇಬರ ತುಟಿಯ ತುದಿ ಸ್ವಲ್ಪ ಅಲುಗಿತು. ಹೆಡ್‌ಮಾಸ್ತರರು ಕೊನೆಯ ಆಸೆಯಿಂದ ಹುಲಿಗೆಪ್ಪನನ್ನು ತೋರಿಸಿದರು.

ಅವನು ಎದ್ದ. ಅಂಗೈ ಬಾಯಿಗೆ ಹೋಯಿತು. "ಯೆಸ್ ಸರ್."

ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ತೆಗೆದಾಗ ಹುಡುಗ ತನ್ನ ಜಾಗದಲ್ಲಿರಲಿಲ್ಲ. ತಲೆ ತಗ್ಗಿಸಿಕೊಂಡು, ಸಾಲುಗಳ ನಡುವೆ ಹಾದು, ಬೋರ್ಡಿನ ಹತ್ತಿರ ಹೋಗಿ, ಸಾಹೇಬರ ಅಕ್ಷರವನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದ. 'ಈಜ್' ಅಳಿಸಿ 'ಆರ್' ಬರೆದ. ಸೀಮೆಸುಣ್ಣ ಬೋರ್ಡಿಗೆ ಟಕಟಕ ಬಡಿಯುತ್ತಿತ್ತು. ಬರೆದು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಮತ್ತೆ ಬಾಯಿಗೆ ಕೈ ಹಿಡಿದು ನಿಂತ.

ದೊಡ್ಡ ಸಾಹೇಬರ ಬರಹವನ್ನು, ಅವರ ಕಣ್ಣೆದುರಿಗೇ, ವಾಡೆಯ ಆಳಿನ ಮಗ ತೋಳಿನಿಂದ ಒರೆಸಿದ್ದಾನೆ. ಸಾಹೇಬರು ಬೋರ್ಡನ್ನು ನೋಡಿದರು, ಹುಡುಗನನ್ನು ನೋಡಿದರು, ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಕ್ಯಾ ಮಾಸ್ತರ್, ಮೈಂ ಲಿಖಾ ಸೋ ಗಲತ್ ಹೈ ಕ್ಯಾ?" ತಾವು ಬರೆದದ್ದು ತಪ್ಪೇ ಎಂದು ಕೇಳಿದ್ದರು.

"ಜೀ ಹುಜೂರ್," ಎಂದೆ. ಹೌದು, ತಪ್ಪೇ ಎಂದಂತಾಯಿತು.

ಶಾಲೆಯವರು ಆಮೇಲೆ ಬಹಳ ದಿನ ನನ್ನ ಧೈರ್ಯವನ್ನು ಹೊಗಳಿದರು. ನಿಮಗೆ ನಿಜ ಹೇಳಲೇ? ಅದು ಧೈರ್ಯವೋ, ಕೋಟು ಕಂಡರೆ ಜೀ ಹುಜೂರ್ ಎನ್ನುವ ನನ್ನ ನಾಲಗೆಯ ರೂಢಿಯೋ, ನನಗೇ ತಿಳಿಯದು. ಸಾಹೇಬರು ಮಾತ್ರ ತಲೆದೂಗಿ, ಹುಡುಗನ ಹೆಸರು ಕೇಳಿ ಬರೆದುಕೊಂಡು, ರಾಯಚೂರಿಗೆ ಇವನೇ ಎಂದರು.

ಭಯ ಅಲ್ಲಿಗೆ ಮುಗಿಯಬೇಕಿತ್ತು, ಅಲ್ಲಿಂದಲೇ ಶುರುವಾಯಿತು. ಹೆಡ್‌ಮಾಸ್ತರರು ಮಾನಪ್ಪನನ್ನು ಕರೆಸಿ, ಬರುವ ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹುಡುಗನನ್ನು ಕಳಿಸಬೇಕು, ಮಾಸ್ತರರು ಕರೆದುಕೊಂಡು ಹೋಗಿ ಬಿಡುತ್ತಾರೆ ಎಂದರು. ಮಾನಪ್ಪ ಅಂಗಳದಲ್ಲೇ ನಿಂತು "ಹೌದ್ರಿ" ಎಂದ.

ಹೆಡ್‌ಮಾಸ್ತರರಿಗೆ ಸಂತೋಷವಾಯಿತು. ನನಗೆ ಆಗಲಿಲ್ಲ. ಆ ಮನುಷ್ಯನ ಹೌದ್ರಿ ಎಂದರೇನು ಎಂಬುದು ಆ ಊರಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತಲ್ಲ. ಹೌದ್ರಿ ಎಂದು ಮನೆಗೆ ಹೋಗಿ ತನಗೆ ಬೇಕಾದ ಎತ್ತು ಹೂಡುವವನು ಅವನು.

ಸೋಮವಾರ ಬಸ್ಸಿನ ಹತ್ತಿರ ನಿಂತೆ. ಇದ್ದಿಲ ಗ್ಯಾಸಿನ ಬಸ್ಸು, ಹೊರಡಲು ತಯಾರಾಗುವುದಕ್ಕೇ ಬಹಳ ಹೊತ್ತು. ಆ ನಿಧಾನಕ್ಕೆ ಯಾವಾಗಲೂ ಬೈಯುತ್ತಿದ್ದವನು ಅಂದು ಇನ್ನಷ್ಟು ತಡವಾಗಲಿ ಎಂದು ಬೇಡಿಕೊಂಡೆ. ವಾಡೆಯ ರಸ್ತೆಯಲ್ಲಿ ಯಾರೂ ಇಲ್ಲ. ಜನ ಹತ್ತಿದರು, ಗಂಟು ಮೂಟೆ ಏರಿದವು, ಡ್ರೈವರ್ ನನ್ನನ್ನು ಎರಡು ಸಲ ಕರೆದ. ಹತ್ತಲು ಮೆಟ್ಟಿಲ ಮೇಲೆ ಕಾಲಿಟ್ಟಾಗ, ವಾಡೆಯ ರಸ್ತೆಯಿಂದಲ್ಲ, ಹಳ್ಳದ ಕಡೆಯಿಂದ, ಜಾಲಿಯ ಪೊದೆಗಳ ಸಂದಿನಿಂದ ಅಪ್ಪ ಮಗ ಬಂದರು. ಇಬ್ಬರ ಕಾಲಿಗೂ ಮೊಣಕಾಲ ತನಕ ಕೆಸರು. ಹುಡುಗನ ಕಂಕುಳಲ್ಲಿ ಒಂದು ಗಂಟು.

ಯಾಕಿಷ್ಟು ತಡ ಎಂದೆ. ಮಾನಪ್ಪ ಹಿಂದಕ್ಕೊಮ್ಮೆ ನೋಡಿ ದನಿ ತಗ್ಗಿಸಿದ.

"ನಿನ್ನಿ ಧಣಿ ಕರಸಿದ್ರು. ಹುಡುಗನ್ನ ರಾಯಚೂರಿಗೆ ಕಳಸಬ್ಯಾಡ, ದನ ಕಾಯಾಕ ಬೇಕು ಅಂದ್ರು." ಮಗನನ್ನು ಎತ್ತಿ ಬಸ್ಸಿನೊಳಗೆ ನಿಲ್ಲಿಸಿದ. "ಹೌದ್ರಿ ಅಂದು ಬಂದೀನಿ."

ಬಸ್ಸು ಹೊರಟಿತು. ಹುಲಿಗೆಪ್ಪ ಅಳಲಿಲ್ಲ; ನನ್ನ ಅಂಗಿಯ ಚುಂಗು ಹಿಡಿದು ಕೂತಿದ್ದ. ನಾನು ಹಿಂದಿನ ಕಿಟಕಿಯಿಂದ, ಧೂಳಿನಲ್ಲಿ ವಾಡೆಯ ಕಡೆಗೇ ನಡೆದು ಹೋಗುತ್ತಿದ್ದ ಆ ಬೆನ್ನನ್ನು ನೋಡುತ್ತಿದ್ದೆ. ಅಷ್ಟು ಭಯ ನನಗೆ ನನ್ನ ಸಲುವಾಗಿ ಯಾವತ್ತೂ ಆದದ್ದಿಲ್ಲ.

ಊರಿಗೆ ಮರಳಿದ ಮೇಲೆ ವಾಡೆಯ ರಸ್ತೆಗೆ ಹೋಗಲು ನನಗೆ ಧೈರ್ಯವಾಗಲಿಲ್ಲ. ಸಂತೆಯ ದಿನ ಮಾನಪ್ಪನೇ ಸಿಕ್ಕ. ಹುಬ್ಬಿನ ಮೇಲೆ ಒಂದು ಗಾಯ ಒಣಗುತ್ತಿತ್ತು. ನಾನು ಅದನ್ನು ನೋಡಿದ್ದನ್ನು ನೋಡಿ, ಹುಡುಗ ಎಲ್ಲಿ ಹೋದ ಅಂತ ಧಣಿ ಕೇಳಿದರು ಎಂದ. ನೀನೇನಂದೆ ಎಂದೆ.

"ಹುಡುಕ್ತೀನ್ರಿ ಅಂದೀನಿ. ಇನ್ನೂ ಹುಡುಕಾಕತ್ತೀನಿ," ಎಂದು ಮೆಣಸಿನಕಾಯಿಯ ಗಂಟು ಹೆಗಲಿಗೇರಿಸಿ ಹೋದ.

ಹುಡುಗ ರಾಯಚೂರಿನಲ್ಲೇ ಓದಿ, ನೌಕರಿ ಹಿಡಿದು, ಅಪ್ಪ ಅವ್ವನನ್ನು ಅಲ್ಲಿಗೇ ಕರೆಸಿಕೊಂಡ. ಅಷ್ಟರ ಹೊತ್ತಿಗೆ ಆಳುವವರು ಬದಲಾಗಿದ್ದರು. ಮಾನಪ್ಪ ಕೊನೆಯ ತನಕ ಯಾರಿಗೂ ಇಲ್ಲ ಎಂದದ್ದನ್ನು ನಾನು ಕೇಳಲಿಲ್ಲ. ಅಷ್ಟನ್ನು ಮಾಡಿದ ಮನುಷ್ಯನಿಗೆ ಆ ಒಂದು ಮಾತು ಆಡಲಾಗಲಿಲ್ಲವಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಪಾಪ, ಅರ್ಪಿತಾಳ ತಾಯಿ ಹೊಸ್ತಿಲಲ್ಲಿ ಇನ್ನೂ ನಿಂತೇ ಇದ್ದಳು. ಮುದುಕನಿಗೆ ಕೇಳಿಸಲಿಲ್ಲವೇನೋ ಎಂದು ಮತ್ತೆ ಕೇಳಿದಳು, ದೊಡ್ಡೋರಿಗೆ ತಪ್ಪು ಅನ್ನಬಾರದು, ಹೌದಲ್ರೀ ಎಂದು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವಳ ಎರಡೂ ಕೈ ಹಾಳೆಯ ಮೇಲಿದ್ದವು. ಬಾಯಿಗೆ ಅಡ್ಡ ಯಾವ ಕೈಯೂ ಇರಲಿಲ್ಲ.

"ಇಲ್ಲವ್ವಾ," ಎಂದೆ. ಕುತ್ತಿಗೆಯಲ್ಲಿ ಏನೋ ಲಟಕ್ಕೆಂದಿತು. "ಅನ್ಲಿ."